ಸಹಾಯ ಬೇಕು: ಗಬ್ನಿಟ್ ಅನ್ನೋ ಐರಿಷ್ ಹೆಸರಿನ ಮೂಲ

ನಾನಿರೋದು ಐರ್ಲೆಂಡಿನ ಕಾರ್ಕ್‌ನಲ್ಲಿ. ಪಕ್ಕದ ಮನೆಯವರು ಮಗಳಿಗೆ ಗಬ್ನಿಟ್ ಅಂತ ಹೆಸರಿಟ್ಟಿದ್ದಾರೆ. ಇಲ್ಲೂ ಈಗ ಅಪರೂಪ, ಅಜ್ಜಿಯಂದಿರ ಕಾಲದ ಹೆಸರು.

ಬ್ಯಾಲಿವೋರ್ನಿ ಅನ್ನೋ ಊರಿನ ಸಂತ ಗಬ್ನಿಟ್ ಜೇನುನೊಣಗಳನ್ನು ಕಾಯುವವಳು. ಫೆಬ್ರವರಿ 11 ಅವಳ ಹಬ್ಬ. ಇಲ್ಲಿನ ಹೋನನ್ ಚಾಪೆಲ್‌ನ ಗಾಜಿನ ಕಿಟಕಿಯಲ್ಲೂ ಅವಳ ಜೊತೆ ಜೇನುನೊಣಗಳಿವೆ, ತುಂಬಾ ಚೆನ್ನಾಗಿದೆ. ಆದರೆ ಹುಡುಕಿದರೆ, ಹೆಸರು ಬಂದಿದ್ದು ಕಮ್ಮಾರ ಅನ್ನೋ ಅರ್ಥದ ಐರಿಷ್ ಪದದಿಂದ ಅಂತಾರೆ! 1951ರಲ್ಲಿ ಬ್ಯಾಲಿವೋರ್ನಿಯಲ್ಲಿ ಅಗೆದಾಗ ಕಬ್ಬಿಣದ ಕೆಲಸದ ಕುರುಹೂ ಸಿಕ್ಕಿತ್ತು.

ಇಂಗ್ಲಿಷ್‌ನಲ್ಲಿ ಈ ಹೆಸರನ್ನು ಡೆಬೊರಾ, ಅಬಿಗೇಲ್ ಅಂತೆಲ್ಲಾ ಮಾಡಿದ್ದಾರೆ. ಡೆಬೊರಾ ಅಂದ್ರೆ ಹೀಬ್ರೂನಲ್ಲಿ ಜೇನುನೊಣ, ಅದು ಸರಿ. ಅಬಿಗೇಲ್ ಯಾಕೆ? ಪಕ್ಕದ ಮನೆಯವರಿಗೂ ಗೊತ್ತಿಲ್ಲ.

ಐರಿಷ್ ಬಲ್ಲವರು ಹೇಳಿ: ಮೂಲ ಕಮ್ಮಾರನದ್ದೇನಾ? ಅಬಿಗೇಲ್ ಹೇಗೆ ಬಂತು?