‘ಕಣದ ಶೋಧ’ ಎಂದರೆ ಹುಡುಕಾಟವೋ, ಕಂಡುಹಿಡಿದದ್ದೋ?

ಮಾನ್ಯರೆ,

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಸುರಂಗದೊಳಗೆ ಪ್ರೋಟಾನ್‌ಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸಿ ಹೊಸ ಕಣಗಳನ್ನು ಹುಡುಕುವ ಕೆಲಸದ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಬೋಸಾನ್, ಕ್ವಾರ್ಕ್ ಮೊದಲಾದ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡೆ. ತೊಡಕಾದದ್ದು ಎಲ್ಲರಿಗೂ ಗೊತ್ತಿರುವ ‘ಶೋಧ’ ಎಂಬ ಪದ.

‘ಕಾಣೆಯಾದ ಮೀನುಗಾರರಿಗಾಗಿ ಶೋಧ’ ಎಂದು ಬರೆದರೆ ಅವರಿನ್ನೂ ಸಿಕ್ಕಿಲ್ಲವೆಂದೇ ಅರ್ಥ. ‘ಹೊಸ ಕಣದ ಶೋಧ’ ಎಂದರೆ ಮಾತ್ರ ಕಣ ಸಿಕ್ಕಿಯೇಬಿಟ್ಟಿತೆಂದು ಓದುಗರು ತಿಳಿಯುತ್ತಾರೆ. ವಿಭಕ್ತಿಯನ್ನು ಬದಲಿಸಿ ‘ಕಣಕ್ಕಾಗಿ ಶೋಧ’ ಎಂದರೆ ಗೊಂದಲ ಅರ್ಧ ನೀಗುತ್ತದೆ. ಆದರೆ ‘ಕಣವನ್ನು ಶೋಧಿಸಿದರು’ ಎಂಬ ಕ್ರಿಯಾಪದದಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಈ ಕ್ಷೇತ್ರದಲ್ಲಂತೂ ಹುಡುಕಾಟದ ವರದಿಗಳಲ್ಲಿ ಹೆಚ್ಚಿನವು ‘ಸಿಗಲಿಲ್ಲ’ ಎಂದೇ ಮುಗಿಯುತ್ತವೆ.

2015ರ ಡಿಸೆಂಬರಿನಲ್ಲಿ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳೆರಡರಲ್ಲೂ ಸುಮಾರು 750 ಜಿಇವಿ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಬಳಿ, ಜೋಡಿ ಫೋಟಾನ್‌ಗಳ, ಎಂದರೆ ಬೆಳಕಿನ ಕಣಗಳ, ಲೆಕ್ಕ ನಿರೀಕ್ಷೆಗಿಂತ ತುಸು ಹೆಚ್ಚಾಗಿ ಕಂಡಿತು; ಅದನ್ನು ವಿವರಿಸಲು ನೂರಾರು ಪ್ರಬಂಧಗಳು ಬಂದವು; 2016ರ ಆಗಸ್ಟಿನ ಹೊತ್ತಿಗೆ, ದತ್ತಾಂಶ ಬೆಳೆದಂತೆ, ಆ ಉಬ್ಬು ಕರಗಿಹೋಯಿತು. ಇದನ್ನು ‘ಶೋಧವಾದ ಕಣ ಸುಳ್ಳಾಯಿತು’ ಎಂದು ಬರೆದರೆ ವಿಜ್ಞಾನಿಗಳು ಆಡದ ಮಾತನ್ನು ಅವರ ಬಾಯಿಗೆ ತುರುಕಿದಂತಾಗುತ್ತದೆ.

ಹಾಗೆಂದು ಪದವನ್ನೇ ಬಿಡಲು ಮನಸ್ಸಿಲ್ಲ. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತೇವಲ್ಲ, ಆ ಅರ್ಥ ಇಲ್ಲಿ ಸೊಗಸಾಗಿ ಹೊಂದುತ್ತದೆ: ಪ್ರೋಟಾನ್ ಗೊಂಚಲುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಒಂದನ್ನೊಂದು ಹಾಯುತ್ತವೆ, ಅವುಗಳಲ್ಲಿ ದಾಖಲಾಗಿ ಉಳಿಯುವುದು ಅತ್ಯಲ್ಪ, ಮಿಕ್ಕದ್ದೆಲ್ಲ ಸೋಸಿಹೋಗುತ್ತದೆ. ಆದ್ದರಿಂದ ‘ಶೋಧ’ವನ್ನು ಹುಡುಕಾಟಕ್ಕೇ ಮೀಸಲಿಟ್ಟು, ಸಿಕ್ಕಿದ್ದಕ್ಕೆ ‘ಪತ್ತೆ’ ಎನ್ನೋಣವೆಂದು ನನ್ನ ಎಣಿಕೆ. ‘ಆವಿಷ್ಕಾರ’ ಬೇಡ, ಅದನ್ನು ಹೊಸ ಯಂತ್ರಕ್ಕೂ ಬಳಸಿ ಸವೆಸಿದ್ದೇವೆ. (‘ಘರ್ಷಣೆ’ಯನ್ನೂ ಇದೇ ಕಾರಣಕ್ಕೆ ಬಿಟ್ಟೆ: ಮಕ್ಕಳಿಗೆ ಅದು ಉಜ್ಜುವಿಕೆಯ ಬಲ. ‘ಡಿಕ್ಕಿ’ಯೇ ಸಾಕು.)

ಇನ್ನೂ ಬಗೆಹರಿಯದಿರುವುದು ನಡುವಿನ ಮೆಟ್ಟಿಲು. ಲೆಕ್ಕದ ಏರಿಕೆ 3 ಸಿಗ್ಮಾ (ಏರಿಕೆ ಸಹಜ ಏರಿಳಿತಕ್ಕಿಂತ ಎಷ್ಟು ದೊಡ್ಡದೆಂಬುದರ ಅಳತೆ) ಮುಟ್ಟಿದರೆ ಭೌತವಿಜ್ಞಾನಿಗಳು ಇಂಗ್ಲಿಷಿನಲ್ಲಿ ‘ಎವಿಡೆನ್ಸ್’ ಎನ್ನುತ್ತಾರೆ; 5 ಸಿಗ್ಮಾ ಮುಟ್ಟಿದರೆ, ಎಂದರೆ ಬರಿಯ ಆಕಸ್ಮಿಕದಿಂದ ಅಷ್ಟು ಏರಿಕೆ ಕಾಣುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಾದರೆ, ‘ಡಿಸ್ಕವರಿ’ ಎನ್ನುತ್ತಾರೆ. 2012ರ ಜುಲೈ 4ರಂದು ಹಿಗ್ಸ್ ಬೋಸಾನನ್ನು ಹೋಲುವ ಹೊಸ ಕಣವನ್ನು ಸಾರಿದ್ದು ಈ ಎರಡನೆಯ ಮೆಟ್ಟಿಲ ಮೇಲೆ ನಿಂತು. ಮೊದಲನೆಯದಕ್ಕೆ ‘ಪುರಾವೆ’ ಎಂದರೆ ನ್ಯಾಯಾಲಯದ ಖಚಿತತೆ ಬಂದುಬಿಡುತ್ತದೆ, ‘ಸುಳಿವು’ ಎಂದರೆ ತೀರ ಹಗುರವಾಗುತ್ತದೆ. ಇವೆರಡರ ನಡುವೆ ತೂಗುವ, ಮಕ್ಕಳಿಗೂ ತಿಳಿಯುವ ಪದ ಯಾವುದು? ‘ಕುರುಹು’ ಆದೀತೆ?