ಅಪ್‌ಡೇಟ್: ಡ್ರೈಯರ್ ಬ್ಲೋವರ್‌ನ ಬೋಲ್ಟ್ ತಲೆ ಹಾರುತ್ತಿದ್ದ ಸಮಸ್ಯೆ

ನಮ್ಮ ಮಡಿಕೇರಿ ಕಡೆಯ ತೋಟದಲ್ಲಿ ಕಾಫಿ ಡ್ರೈಯರ್‌ನ ಬ್ಲೋವರ್ ಬೋಲ್ಟುಗಳು ತುಂಡಾಗುತ್ತಿವೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿದೆ.

ಅದುರುವಿಕೆಯೇ ಕಾರಣವೆಂದುಕೊಂಡು ಫ್ಯಾನಿನ ಸಮತೋಲನ ಸರಿಪಡಿಸಿದ್ದೂ ಸ್ಪ್ರಿಂಗ್ ವಾಷರ್ ಹಾಕಿದ್ದೂ ಉಪಯೋಗಕ್ಕೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಒಂದು ಬೋಲ್ಟ್ ಬ್ಲೋವರ್ ನಿಂತಿದ್ದಾಗಲೇ, ಮಳೆಯ ರಾತ್ರಿ, ಟಣ್ಣೆಂದು ತಲೆ ಕಳಚಿಕೊಂಡಿತು. "ಗಡಸುತನ ನೋಡಿಸಿ" ಎಂದವರ ಮಾತೇ ನಿಜವಾಯಿತು.

ಬೋಲ್ಟಿನ ತಲೆಯ ಮೇಲೆ 12.9 ಎಂದಿತ್ತು, ಅದು ಬಲದ ದರ್ಜೆ, ಬಹಳ ಗಟ್ಟಿಯದು. ಮುರಿದ ಜಾಗ ಸಕ್ಕರೆ ಹರಳಿನಂತೆ ಮಿನುಗುತ್ತಿತ್ತು, ಎಲ್ಲೂ ಎಳೆದು ಸಣ್ಣಗಾಗಿರಲಿಲ್ಲ. ಮೈಸೂರಿನಲ್ಲಿ ಪರೀಕ್ಷಿಸಿದಾಗ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 42 ಬಂತು. ಈ ದರ್ಜೆಗೆ 39ರಿಂದ 44 ಸಹಜವೇ, ಅಂದರೆ ಮಾಲು ಕಳಪೆಯಲ್ಲ. ಆದರೆ ಇಷ್ಟು ಗಡಸು ಉಕ್ಕಿಗೆ ಬಿಗಿತದ ಜೊತೆ ತೇವವೂ ಸೇರಿದರೆ ಒತ್ತಡ ತುಕ್ಕಿನ ಬಿರುಕು ಬರುತ್ತದೆ. ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಸತು ಲೇಪಿಸುವಾಗ ಒಳಸೇರುವ ಹೈಡ್ರೋಜನ್ ಕೂಡ ಇಂಥದ್ದೇ ಕೆಲಸ ಮಾಡುತ್ತದೆ. ನಮ್ಮವು ಹೊಳೆಯುವ ಸತು ಲೇಪನದವು, ಹಾಗಾಗಿ ಎರಡರಲ್ಲಿ ಯಾವುದರ ಪಾಲು ಎಷ್ಟೋ!

ನನಗೆ ಅಚ್ಚರಿಯಾದದ್ದು ಬೇರೆ. ಅಮೆರಿಕದ ಅಣು ವಿದ್ಯುತ್ ಸ್ಥಾವರಗಳ ಮಾರ್ಗಸೂಚಿಯಲ್ಲಿ 1,034 ಮೆಗಾಪ್ಯಾಸ್ಕಲ್ ಇಳುವು ಬಲ (ಉಕ್ಕು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಒತ್ತಡ) ಮುಟ್ಟಿದ ಬೋಲ್ಟುಗಳನ್ನು ಈ ಬಿರುಕಿನ ಅಪಾಯದವು ಎಂದೇ ಗಣಿಸುತ್ತಾರೆ. 12.9 ಅದನ್ನೂ ದಾಟುತ್ತದೆ. ಬ್ಲೋವರಿಗೆ ಅಷ್ಟು ಬಲ ಯಾರು ಕೇಳಿದ್ದರು?

ತಯಾರಕರ ಪುಸ್ತಕದಲ್ಲಿ ಇದ್ದದ್ದು ಅದಕ್ಕಿಂತ ಕೆಳಗಿನ 8.8 ದರ್ಜೆ. ಈಗ ಎಲ್ಲವನ್ನೂ ಅದಕ್ಕೇ ಬದಲಾಯಿಸಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿಸಿದ್ದೇವೆ. ಈ ಮಳೆಯಲ್ಲಿ ಸದ್ಯಕ್ಕೆ ಒಂದೂ ಮುರಿದಿಲ್ಲ. ಸ್ಟೇನ್‌ಲೆಸ್ ಹಾಕಿ ಎಂದವರಿಗೆ: ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಇಳುವು ಬಲ 450 ಮೆಗಾಪ್ಯಾಸ್ಕಲ್ ಮಾತ್ರ, 8.8ರದ್ದು 640. ಆದ್ದರಿಂದ ಅದನ್ನು ಕೈಬಿಟ್ಟೆ.