ಹೊಸ ಹ್ಯಾಂಡ್‌ಹೆಲ್ಡ್‌ನಲ್ಲಿ ಟಿವಿ ಕನ್ಸೋಲಿನ ಹಳೆಯ ಆಟಗಳು ಇರಬೇಕೇ?

ಹಳೇಕ್ಯಾಸೆಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2025ರ ಜೂನ್ 5ರಂದು ನಿಂಟೆಂಡೊ ಕಂಪನಿಯ ಹೊಸ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಸ್ವಿಚ್ 2 ಮಾರುಕಟ್ಟೆಗೆ ಬಂದಾಗ ಅದರೊಂದಿಗೆ ಅದೇ ಕಂಪನಿಯ ಹಳೆಯ ಟಿವಿ ಕನ್ಸೋಲ್ ಗೇಮ್‌ಕ್ಯೂಬಿನ ಕೆಲವು ಆಟಗಳೂ ಬಂದವು. ಒಂದು ಕಾಲದಲ್ಲಿ ಟಿವಿಗೆ ತಂತಿ ಜೋಡಿಸಿ, ನೆಲದ ಮೇಲೆ ಕುಳಿತು ಆಡಬೇಕಾಗಿದ್ದ ಎಫ್-ಝೀರೋ ಜಿಎಕ್ಸ್, ಸೋಲ್‌ಕ್ಯಾಲಿಬರ್ 2 ಮುಂತಾದವು ಈಗ ಚಂದಾ ಕಟ್ಟಿದವರ ಅಂಗೈಯಲ್ಲೇ ಓಡುತ್ತವೆ. ಇದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೂ ಒಂದು ಅನುಮಾನ ಉಳಿದಿದೆ.

ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಅದರದೇ ಆದ ಸ್ವಭಾವವಿದೆ ಎಂದು ನಾನು ನಂಬಿದ್ದೇನೆ. 1989ರ ಗೇಮ್‌ಬಾಯ್ ಜನಪ್ರಿಯವಾದದ್ದು ಅದರ ಪರದೆಯ ಅಂದದಿಂದ ಖಂಡಿತ ಅಲ್ಲ. ಹಸಿರು ಛಾಯೆಯ ಆ ಪರದೆಯ ಮೇಲೆ ಟೆಟ್ರಿಸ್ ಐದು ನಿಮಿಷ ಸಿಕ್ಕರೂ ಆಡಿಸುತ್ತಿತ್ತು, ಎರಡು ಗಂಟೆ ಸಿಕ್ಕರೂ ಆಡಿಸುತ್ತಿತ್ತು. 2001ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಬಂದಾಗ ಅದರ ಮೊದಲ ದಿನದ ಮಾರಿಯೋ ಆಟವೇ ಹಳೆಯ ಟಿವಿ ಆಟವೊಂದರ ಮರುರೂಪವಾಗಿತ್ತು, ಆ ಸರಣಿಯ ನಾಲ್ಕೂ ಭಾಗಗಳು ಹಾಗೆಯೇ ಬಂದವು. ಆದರೆ ಆ ಯಂತ್ರದ ಹೆಸರು ಹೇಳಿದಾಗ ನನಗೆ ಮೊದಲು ನೆನಪಾಗುವುದು ಅದಕ್ಕೆಂದೇ ಹುಟ್ಟಿದ ಅಡ್ವಾನ್ಸ್ ವಾರ್ಸ್ ಮತ್ತು ಕೆಲವೇ ಸೆಕೆಂಡುಗಳ ಆಟಗಳನ್ನು ಸರಸರನೆ ಎದುರಿಗಿಡುವ ವಾರಿಯೋವೇರ್.

ಹೊಸ ಹ್ಯಾಂಡ್‌ಹೆಲ್ಡ್ ಒಂದು ಹಳೆಯ ಟಿವಿ ಕನ್ಸೋಲಿನ ಆಟಗಳನ್ನು ಮತ್ತೆ ಆಡಿಸುವುದು ನಿಜಕ್ಕೂ ಒಳ್ಳೆಯದೇ? ಅಥವಾ ಹಳೆಯ ಸರಕು ಅಂಗಡಿಯ ಮುಂಭಾಗವನ್ನೆಲ್ಲ ತುಂಬಿಕೊಂಡು, ಅಂಗೈಗೆಂದೇ ಯೋಚಿಸಿ ಮಾಡುವ ಆಟಗಳಿಗೆ ಜಾಗವಿಲ್ಲದಂತಾಗುತ್ತದೆಯೇ? ವಾರಕ್ಕೆರಡು ಸಲ ಬೆಂಗಳೂರು–ಮೈಸೂರು ರೈಲಿನಲ್ಲಿ ಓಡಾಡುವವನು ನಾನು. ಕೊಳ್ಳುವ ಮೊದಲು ನಿಮ್ಮ ಅಭಿಪ್ರಾಯ ಕೇಳಬೇಕೆನಿಸಿತು.

ಬಿಟ್‌ಬಡಗಿ

ಹಳೇಕ್ಯಾಸೆಟ್ ಅವರೇ, ಈ ಪ್ರಶ್ನೆಗೆ ಮೂವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1990ರಲ್ಲಿ ಎನ್‌ಇಸಿ ಕಂಪನಿಯು ಟರ್ಬೋಎಕ್ಸ್‌ಪ್ರೆಸ್ ಎಂಬ ಹ್ಯಾಂಡ್‌ಹೆಲ್ಡ್ ತಂದಿತು. ಅದು ತನ್ನ ಟಿವಿ ಕನ್ಸೋಲಿನ ಆಟದ ಕಾರ್ಡುಗಳನ್ನೇ, ಒಂದಕ್ಷರವನ್ನೂ ಬದಲಿಸದೆ ಆಡಿಸುತ್ತಿತ್ತು. ತೊಂದರೆಯೂ ಅಲ್ಲೇ ಇತ್ತು. ಕೋಣೆಯ ಆಚೆ ಬದಿಯ ಟಿವಿಗಾಗಿ ಬರೆದ ಅಕ್ಷರಗಳು ಮೂರು ಇಂಚೂ ಇಲ್ಲದ ಪರದೆಯಲ್ಲಿ ಇರುವೆಸಾಲಿನಂತೆ ಕಾಣುತ್ತಿದ್ದವು. 1995ರಲ್ಲಿ ಅಮೆರಿಕದಲ್ಲಿ ಬಂದ ಸೆಗಾದ ನೋಮ್ಯಾಡ್ ಕೂಡ ಮನೆಯ ಟಿವಿ ಕನ್ಸೋಲ್ ಜೆನೆಸಿಸ್‌ನ ಕಾರ್ಟ್ರಿಡ್ಜ್‌ಗಳನ್ನೇ ನುಂಗುತ್ತಿತ್ತು; ಜೊತೆಗೆ ಆರು ಬ್ಯಾಟರಿ ಸೆಲ್‌ಗಳನ್ನೂ ಎರಡು ಗಂಟೆಗಳ ಆಸುಪಾಸಿನಲ್ಲಿ ನುಂಗಿ ಮುಗಿಸುತ್ತಿತ್ತು.

ಗೇಮ್‌ಬಾಯ್ ಅಡ್ವಾನ್ಸ್ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಅಲ್ಲಿ ಆಟವನ್ನೇ ಕತ್ತರಿಸಿ ಹೊಲಿಯಲಾಯಿತು. ಹಳೆಯ ಟಿವಿ ಕನ್ಸೋಲ್ ಸೂಪರ್ ನಿಂಟೆಂಡೊ ಸಾಮಾನ್ಯವಾಗಿ 256×224 ಚುಕ್ಕೆಗಳ ಚಿತ್ರ ಕೊಡುತ್ತಿದ್ದರೆ ಈ ಯಂತ್ರದ ಪರದೆ 240×160 ಮಾತ್ರ. ಎತ್ತರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಾಯವಾದದ್ದರಿಂದ, ಕೆಳಗೆ ಹಾರುವ ಮುನ್ನ ಕಾಣಬೇಕಾದ ಹೊಂಡ ಹಾರಿದ ಮೇಲೆ ಕಾಣುತ್ತಿತ್ತು. ಎಕ್ಸ್ ಮತ್ತು ವೈ ಬಟನ್‌ಗಳು ಇಲ್ಲದಿದ್ದುದರಿಂದ ಅವುಗಳ ಕೆಲಸವನ್ನು ಉಳಿದ ಬಟನ್‌ಗಳ ತಲೆಗೆ ಕಟ್ಟಬೇಕಾಯಿತು. ಧ್ವನಿಗೆ ಸೂಪರ್ ನಿಂಟೆಂಡೊದಲ್ಲಿ ಇದ್ದಂತಹ ಪ್ರತ್ಯೇಕ ಚಿಪ್ ಇಲ್ಲದೆ, ಸಂಗೀತವನ್ನು ಬೆರೆಸುವ ಹೊರೆಯೂ ಮುಖ್ಯ ಪ್ರೊಸೆಸರಿನ ಮೇಲೆ ಬಿತ್ತು. ಪರದೆಗೆ ಸ್ವಂತ ಬೆಳಕಿಲ್ಲವೆಂದು ಎಷ್ಟೋ ಆಟಗಳ ಬಣ್ಣಗಳನ್ನು ಬೇಕೆಂದೇ ತಿಳಿಯಾಗಿಸಲಾಗಿತ್ತು. 2003ರಲ್ಲಿ ಬೆಳಕಿರುವ ಎಸ್‌ಪಿ ಮಾದರಿ ಬಂದಾಗ ಅವೇ ಬಣ್ಣಗಳು ಹಲವು ಸಲ ಒಗೆದ ಬಟ್ಟೆಯಂತೆ ಕಂಡವು. ಇಷ್ಟಾದರೂ ಜನ ಅವನ್ನು ಪ್ರೀತಿಯಿಂದಲೇ ಆಡಿದರು, ನಾನೂ ಆಡಿದೆ.

ಈಗ ಪರದೆಯ ಕೊರತೆ ತೀರಿದೆ. ಸ್ವಿಚ್ 2ರ 7.9 ಇಂಚಿನ, 1080ಪಿ ಪರದೆಗೆ ಗೇಮ್‌ಕ್ಯೂಬಿನ ಚಿತ್ರ ಭಾರವೇ ಅಲ್ಲ. ಪವರ್ ಬಟನ್ ಒತ್ತಿದರೆ ಆಟ ಇದ್ದಲ್ಲೇ ನಿದ್ರಿಸುತ್ತದೆ. ನಿಮ್ಮ ಐದು ನಿಮಿಷದ ಆಕ್ಷೇಪಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಉಳಿದಿರುವುದು ಬೆರಳುಗಳ ಸಮಸ್ಯೆ. ಗೇಮ್‌ಕ್ಯೂಬ್ ಕಂಟ್ರೋಲರಿನ ಟ್ರಿಗರ್‌ಗಳು (ತೋರುಬೆರಳಿನಿಂದ ಒತ್ತುವ ಬಟನ್‌ಗಳು) ಎಷ್ಟು ಒತ್ತಿದ್ದೀರಿ ಎಂಬುದನ್ನು ಅಳೆಯುತ್ತಿದ್ದವು. ಸೂಪರ್ ಮಾರಿಯೋ ಸನ್‌ಶೈನ್‌ನಲ್ಲಿ ಹಗುರವಾಗಿ ಒತ್ತಿದರೆ ಓಡುತ್ತಲೇ ನೀರು ಚಿಮ್ಮಿಸಬಹುದಿತ್ತು, ಪೂರ್ತಿ ಒತ್ತಿದರೆ ನಿಂತು ಗುರಿಯಿಡಬೇಕಿತ್ತು. ಸ್ವಿಚ್‌ನ ಟ್ರಿಗರ್‌ಗಳಿಗೆ ಒತ್ತಿದೆ ಅಥವಾ ಒತ್ತಿಲ್ಲ ಎಂಬ ಎರಡೇ ಸ್ಥಿತಿ ಗೊತ್ತು. ಹಾಗಾಗಿ 2020ರ ಮರುಬಿಡುಗಡೆಯಲ್ಲಿ ಆ ಒಂದು ಕೆಲಸವನ್ನು ಎರಡು ಬಟನ್‌ಗಳಿಗೆ ಹಂಚಬೇಕಾಯಿತು. ಆಟ ಕೆಡಲಿಲ್ಲ, ಬೆರಳಿನ ಆ ನಯ ಮಾತ್ರ ಹೋಯಿತು. ಹಳೆಯ ಆಟ ಇರಲಿ ಎಂಬುದೇ ನನ್ನ ಮತ. ಆದರೆ ಹ್ಯಾಂಡ್‌ಹೆಲ್ಡ್ ರೂಪಿಸುವ ಎಂಜಿನಿಯರುಗಳು ಯಾವ ಆಟಗಳನ್ನು ಆಡಿಸಬೇಕೆಂದು ಬಟನ್‌ಗಳನ್ನು ತೀರ್ಮಾನಿಸುವ ಮೊದಲೇ ಯೋಚಿಸಬೇಕು, ಆಮೇಲಲ್ಲ.

ನಾಲ್ಕನೇಬಟನ್

ನನಗೆ ಪ್ರಶ್ನೆ ಕೇಳಿದವರ ಅನುಮಾನವೇ ಸರಿಯೆನಿಸುತ್ತದೆ. ನಿದ್ರೆಗೆ ಹಾಕುವ ಬಟನ್ ಆಟದ ಲಯವನ್ನು ಬದಲಿಸುವುದಿಲ್ಲ. ಟಿವಿ ಆಟಗಳಲ್ಲಿ ಸೇವ್ ಮಾಡುವ ಜಾಗ ಎಲ್ಲಿದೆ ಎಂಬುದೂ ಆಟದ ಕಷ್ಟದ ಒಂದು ಭಾಗವಾಗಿತ್ತು. ಎಲ್ಲೆಂದರಲ್ಲಿ ನಿಲ್ಲಿಸಿ, ಎಲ್ಲೆಂದರಲ್ಲಿ ಸೇವ್ ಮಾಡುವಂತಾದಾಗ ಆ ಬಿಗಿ ಸಡಿಲವಾಗುತ್ತದೆ. ಮೂರು ದಿನ ಬಿಟ್ಟು ತೆರೆದರೆ ನಾನು ಎಲ್ಲಿದ್ದೆ, ಯಾರನ್ನು ಹುಡುಕುತ್ತಿದ್ದೆ ಎಂಬುದೇ ಮರೆತಿರುತ್ತದೆ. ರೈಲಿನಲ್ಲಿ ಆಡಲು ನನಗೆ ಚಿಕ್ಕ ಆಟವೇ ಬೇಕು.

ತುಂಗಾತೀರ

ಚರ್ಚೆ ಇಲ್ಲಿಯವರೆಗೆ ಪರದೆ ಮತ್ತು ಬಟನ್‌ಗಳ ಸುತ್ತ ನಡೆದಿದೆ. ಮರಳಿ ಬರುವ ಆಟಗಳನ್ನು ಆರಿಸುವವರು ಯಾರು ಎಂದು ನಾನು ಕೇಳುತ್ತೇನೆ. ಚಂದಾ ಪಟ್ಟಿಯಲ್ಲಿ ಬರುವುದು ಕಂಪನಿಗೆ ಹಕ್ಕು ಇರುವ, ಮಾರಾಟವಾಗುವ ಭರವಸೆಯಿರುವ ಆಟಗಳು ಮಾತ್ರ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ದೊರೆಯುವುದಿಲ್ಲ. ಹಕ್ಕಿನ ತೊಡಕು ಇರುವಲ್ಲಿ ಮರಳಿ ಬಂದ ಆಟವೂ ಪೂರ್ತಿಯಾಗಿ ಬರುವುದಿಲ್ಲ. ಕ್ರೇಜಿ ಟ್ಯಾಕ್ಸಿ 2010ರಲ್ಲಿ ಮತ್ತೆ ಬಂದಾಗ ಅದರ ಗುರುತಾಗಿದ್ದ ಹಾಡುಗಳೇ ಇರಲಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆ ಕೊಡುತ್ತೇನೆ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಹೈದರಾಬಾದಿನಲ್ಲಿ ಹನುಮಾನ್: ಬಾಯ್ ವಾರಿಯರ್ ತಯಾರಾಯಿತು. ಅದೇ ಊರಿನ ಇನ್ನೊಂದು ತಂಡ ಅದೇ ವರ್ಷ ಮಾಡಿದ ದೇಸಿ ಅಡ್ಡಾದಲ್ಲಿ ಕಬಡ್ಡಿ, ಚಿನ್ನಿದಾಂಡುಗಳನ್ನು ಆಡಬಹುದಿತ್ತು; ಅದು ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಗೂ ಬಂದಿತ್ತು. ಇವು ಶ್ರೇಷ್ಠ ಆಟಗಳೆಂದು ನಾನು ವಾದಿಸುವುದಿಲ್ಲ. ಆದರೆ ನಾವು ಆಡಿ ಬೆಳೆದ ಆಟಗಳನ್ನು ಕನ್ಸೋಲಿನೊಳಗೆ ತಂದ ಮೊದಲ ಪ್ರಯತ್ನಗಳಲ್ಲಿ ಅವು ಸೇರಿವೆ. ಯಾವ ಜಪಾನಿ ಕಂಪನಿ ಚಿನ್ನಿದಾಂಡನ್ನು ತನ್ನ ಚಂದಾ ಪಟ್ಟಿಗೆ ಸೇರಿಸುತ್ತದೆ ಹೇಳಿ? ಆದ್ದರಿಂದ ಹೊಸ ಯಂತ್ರವು ಆಯ್ದ ಇಪ್ಪತ್ತು ಮೂವತ್ತು ಆಟಗಳನ್ನು ಬಾಡಿಗೆಗೆ ಕೊಡುವುದಕ್ಕಿಂತ, ಹಳೆಯ ಕನ್ಸೋಲಿನ ಯಾವ ಡಿಸ್ಕ್ ಇಟ್ಟುಕೊಂಡವರಿಗೂ ಅದನ್ನು ಆಡಲು ಒಂದು ದಾರಿ ಮಾಡಿಕೊಡಬೇಕು. ಚಿಕ್ಕ ಯಂತ್ರದಲ್ಲಿ ಡಿಸ್ಕ್ ಹಿಡಿಸುವುದಿಲ್ಲ, ಒಪ್ಪುತ್ತೇನೆ. ಟಿವಿಯ ಬಳಿ ಇಡುವ ಡಾಕ್‌ಗೆ ಡ್ರೈವ್ ಜೋಡಿಸಿ, ಒಮ್ಮೆ ಪರೀಕ್ಷಿಸಿ, ಆಮೇಲೆ ಕೈಗೆ ಕಳುಹಿಸುವ ವ್ಯವಸ್ಥೆಯನ್ನು ಯೋಚಿಸಬಹುದಲ್ಲವೇ?

ಬಿಟ್‌ಬಡಗಿ

ತುಂಗಾತೀರ ಅವರೇ, ಯೋಚಿಸಬಹುದು, ಆದರೆ ಕಂಪನಿಗಳು ಇಂತಹ ಔದಾರ್ಯವನ್ನು ಬಹಳ ದಿನ ಉಳಿಸಿಕೊಂಡದ್ದು ಕಡಿಮೆ. ಮೊದಲ ಪ್ಲೇಸ್ಟೇಷನ್ 3ರ ಒಳಗೆ ಪಿಎಸ್ 2ರ ಚಿಪ್‌ಗಳೇ ಇದ್ದವು. ಖರ್ಚು ಇಳಿಸಲು ಮುಂದಿನ ಮಾದರಿಗಳಲ್ಲಿ ತೆಗೆದುಹಾಕಿದರು. 2004ರ ನಿಂಟೆಂಡೊ ಡಿಎಸ್‌ನಲ್ಲಿ ಅಡ್ವಾನ್ಸ್ ಕ್ಯಾಸೆಟ್‌ಗಳಿಗೆಂದು ಒಂದು ಕಿಂಡಿಯಿತ್ತು, 2008ರ ಡಿಎಸ್‌ಐ ಮಾದರಿಯಲ್ಲಿ ಅದು ಮುಚ್ಚಿಹೋಯಿತು. ಪಿಎಸ್‌ಪಿಯ ಡಿಸ್ಕ್ ಇಟ್ಟುಕೊಂಡವರಿಗೆ ಅದರ ಮುಂದಿನ ಹ್ಯಾಂಡ್‌ಹೆಲ್ಡ್ ವೀಟಾದಲ್ಲಿ ಅದನ್ನು ಹಾಕಲು ಜಾಗವೇ ಇರಲಿಲ್ಲ. ಹೊಸ ಯಂತ್ರಕ್ಕೆ ಸ್ವಂತ ಆಟಗಳು ಕಡಿಮೆ ಇರುವ ಮೊದಲ ವರ್ಷದಲ್ಲಿ ಹಳೆಯ ಆಟಗಳನ್ನು ಮುಂದಿಡುತ್ತಾರೆ, ಕಪಾಟು ತುಂಬಿದ ಮೇಲೆ ಕೈಬಿಡುತ್ತಾರೆ. ಡಿಜಿಟಲ್ ಅಂಗಡಿಯಲ್ಲೂ ಇದೇ ಕಥೆ: ನಿಂಟೆಂಡೊದ ಇನ್ನೊಂದು ಹ್ಯಾಂಡ್‌ಹೆಲ್ಡ್ 3ಡಿಎಸ್‌ನ ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವುದು 2023ರ ಮಾರ್ಚ್ 27ಕ್ಕೆ ಕೊನೆಯಾಯಿತು. ಮಾರಿಯೋ ಸನ್‌ಶೈನ್ ಇದ್ದ ಆ 2020ರ ಸಂಗ್ರಹವನ್ನಂತೂ 2021ರ ಮಾರ್ಚ್ 31ರ ನಂತರ ಮಾರುವುದಿಲ್ಲವೆಂದು ಮೊದಲೇ ಸಾರಿದ್ದರು, ಮಾವಿನಹಣ್ಣಿನ ಸುಗ್ಗಿಯಂತೆ.

ಹಳೇಕ್ಯಾಸೆಟ್

ಎಲ್ಲರಿಗೂ ಧನ್ಯವಾದಗಳು. ಹಳೆಯ ಆಟಗಳು ಹೊಸ ಆಟಗಳ ಜಾಗವನ್ನು ತಿನ್ನುತ್ತವೆ ಎಂಬ ಭಯದಿಂದ ನಾನು ಪ್ರಶ್ನೆ ಕೇಳಿದ್ದೆ. ಅವು ಒಂದೆರಡು ವರ್ಷ ಮುಖ ತೋರಿಸಿ ತಾವೇ ಕಣ್ಮರೆಯಾಗಬಹುದು ಎಂಬುದು ಹೊಳೆದಿರಲಿಲ್ಲ. ಯಂತ್ರವನ್ನು ಕೊಳ್ಳುತ್ತೇನೆ, ಅದಕ್ಕೆಂದೇ ಮಾಡಿದ ಆಟಗಳಿಗಾಗಿ. ಹಳೆಯವನ್ನು ನೋಡಲು ಮಾತ್ರ ಒಂದು ವರ್ಷದ ಚಂದಾ ಕಟ್ಟುತ್ತೇನೆ, ಅಟ್ಟದ ಮೇಲಿರುವ ಡಿಸ್ಕ್‌ಗಳ ಪೆಟ್ಟಿಗೆಯನ್ನು ಕೊಡುವ ಮಾತನ್ನು ಸದ್ಯಕ್ಕೆ ಎತ್ತುವುದಿಲ್ಲ. ತುಂಗಾತೀರ ಅವರೇ, ನಿಮ್ಮ ದೇಸಿ ಅಡ್ಡಾ ಡಿಸ್ಕ್ ಇನ್ನೂ ಓಡುತ್ತಿದೆಯೇ? ಓಡುತ್ತಿದ್ದರೆ ಚಿನ್ನಿ ಹೊಡೆಯಲು ಯಾವ ಬಟನ್ ಇಟ್ಟಿದ್ದಾರೆಂದು ತಿಳಿಸಿ.